ಕ್ಯಾಲಿಫೋರ್ನಿಯಾದಲ್ಲಿ ಮನೆ ರಿಪೇರಿ ಕಂಟ್ರಾಕ್ಟ್: ಲೈಸೆನ್ಸು, ಷೂರಿಟಿ ಬಾಂಡು

ನಮ್ಮೂರಲ್ಲಿ ಬಚ್ಚಲುಮನೆಯ ಟೈಲ್ಸ್ ಬದಲಿಸಬೇಕೆಂದರೆ ಮೇಸ್ತ್ರಿಯನ್ನು ಕರೆಸಿ, ಬಾಯಿಮಾತಲ್ಲೇ ರೇಟು ಕುದುರಿಸಿ, ಕೈಗಿಷ್ಟು ಅಡ್ವಾನ್ಸ್ ಕೊಟ್ಟರೆ ಮುಗಿಯಿತು. ಪಿಡಬ್ಲ್ಯೂಡಿ ಕೆಲಸಕ್ಕೆ ಕ್ಲಾಸ್ ಒನ್, ಕ್ಲಾಸ್ ಟು ಎಂದು ನೋಂದಣಿ ಇದೆ, ವೈರಿಂಗ್ ಕಂಟ್ರಾಕ್ಟರಿಗೆ ಲೈಸೆನ್ಸ್ ಬೇಕು. ಆದರೆ ಖಾಸಗಿ ಮನೆಯ ಗಾರೆ, ಬಣ್ಣದ ಕೆಲಸಕ್ಕೆ ಯಾರೂ ಪರೀಕ್ಷೆ ಬರೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಣ್ಣ ಬಳಿಯುವವರಿಗೂ ಪರೀಕ್ಷೆ ಉಂಟು.

ಇದನ್ನೆಲ್ಲ ನೋಡಿಕೊಳ್ಳುವುದು 1929ರಲ್ಲಿ ಶುರುವಾದ ಕಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್. ಕೂಲಿ, ಸಾಮಾನು ಎರಡೂ ಸೇರಿ 1,000 ಡಾಲರ್ ಮುಟ್ಟುವ ಯಾವ ಕೆಲಸಕ್ಕೂ ಲೈಸೆನ್ಸ್ ಬೇಕು. 2024ರ ಕೊನೆಯವರೆಗೆ ಈ ಮಿತಿ 500 ಇತ್ತು. ಮಿತಿಯೊಳಗಿದ್ದರೂ ಕಟ್ಟಡ ಪರ್ಮಿಟ್ ಬೇಕಾಗುವ ಕೆಲಸವಾದರೆ, ಅಥವಾ ಆಳು ಇಟ್ಟುಕೊಂಡರೆ, ವಿನಾಯಿತಿ ಇಲ್ಲ. 3,000 ಡಾಲರಿನ ಕೆಲಸವನ್ನು ನಾಲ್ಕು ಬಿಲ್ ಮಾಡಿ ತಪ್ಪಿಸಿಕೊಳ್ಳುವ ಜಾಣತನಕ್ಕೂ ಕಾನೂನು ಬಾಗಿಲು ಹಾಕಿದೆ. ಲೈಸೆನ್ಸ್ ಇಲ್ಲದೆ ಮಾಡಿದರೆ ದಂಡ, ಜೈಲು ಇದ್ದೇ ಇದೆ. ಅದಕ್ಕಿಂತ ನೋಯುವ ಪೆಟ್ಟು ಬೇರೆ: ಬಾಕಿ ಹಣ ಕೊಡಿಸಿ ಎಂದು ಕೋರ್ಟಿಗೆ ಹೋಗುವಂತಿಲ್ಲ, ಮೇಲಾಗಿ ಮನೆಯೊಡೆಯ ಕೊಟ್ಟ ಹಣವನ್ನೆಲ್ಲ ವಾಪಸ್ ಕೇಳಬಹುದು. ಕೆಲಸ ಅಚ್ಚುಕಟ್ಟಾಗಿತ್ತು ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಲೈಸೆನ್ಸು ಕಸುಬಿಗೊಂದು. ಎಲೆಕ್ಟ್ರಿಕಲ್ ಸಿ-10, ಪ್ಲಂಬಿಂಗ್ ಸಿ-36, ಬಣ್ಣ ಸಿ-33, ಟೈಲ್ಸ್ ಸಿ-54. ಇಡೀ ಮನೆ ಕಟ್ಟುವವರಿಗೆ ಬಿ. ಅಡುಗೆಮನೆ, ಬಚ್ಚಲುಮನೆ ಹೊಸದು ಮಾಡುವವರಿಗೆಂದೇ 2021ರಲ್ಲಿ ಬಿ-2 ಬಂತು. ಆದರೆ ಬಿ-2 ಇಟ್ಟುಕೊಂಡು ಬರೀ ಟೈಲ್ಸ್ ಕೆಲಸ ಹಿಡಿಯುವಂತಿಲ್ಲ, ಒಂದೇ ಕಂಟ್ರಾಕ್ಟಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಸುಬಾದರೂ ಇರಬೇಕು.

ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಅನುಭವದ ಹಾಳೆಯಲ್ಲಿ. ಕಳೆದ 10 ವರ್ಷಗಳೊಳಗೆ 4 ವರ್ಷ ಸ್ವತಂತ್ರವಾಗಿ ಕೆಲಸ ಮಾಡಬಲ್ಲ ಮಟ್ಟದ ಅನುಭವ ತೋರಿಸಬೇಕು. ಸಹಾಯಕನಾಗಿ ಗಾರೆ ಕಲಸಿದ್ದು ಲೆಕ್ಕಕ್ಕಿಲ್ಲ. ಕಣ್ಣಾರೆ ಕಂಡವರು, ಅಂದರೆ ಹಳೆಯ ಮಾಲೀಕರು, ಎಂಜಿನಿಯರು, ಜೊತೆ ಕೆಲಸಗಾರರು ಸಹಿ ಹಾಕಬೇಕು. ಸಿವಿಲ್ ಬಿಇ ಇದ್ದರೆ 3 ವರ್ಷದವರೆಗೆ ರಿಯಾಯಿತಿ ಸಿಗಬಹುದು, ಅದಕ್ಕೆ ಅಂಕಪಟ್ಟಿಯನ್ನು ಮೌಲ್ಯಮಾಪನ ಸಂಸ್ಥೆಯಿಂದ ಪರಿಶೀಲನೆ ಮಾಡಿಸಬೇಕು. ಉಳಿದ ಒಂದು ವರ್ಷ ಮಾತ್ರ ಸೈಟಿನಲ್ಲಿ ನಿಂತ ಅನುಭವವೇ ಆಗಬೇಕು. ಆಮೇಲೆ ಎರಡು ಪರೀಕ್ಷೆ, ಕಾನೂನು ಮತ್ತು ವ್ಯವಹಾರದ್ದೊಂದು, ಕಸುಬಿನದೊಂದು. ಬೆರಳಚ್ಚೂ ಕೊಡಬೇಕು.

ಇನ್ನು ಬಾಂಡು. ಹೆಚ್ಚಿನವರು ಇದನ್ನು ಇನ್ಶೂರೆನ್ಸ್ ಅಂದುಕೊಂಡೇ ಕೆಡುತ್ತಾರೆ. 2023ರ ಜನವರಿಯಿಂದ ಎಲ್ಲ ಕಂಟ್ರಾಕ್ಟರುಗಳಿಗೂ 25,000 ಡಾಲರಿನ ಬಾಂಡು ಕಡ್ಡಾಯ, ಅದಕ್ಕೂ ಮೊದಲು 15,000 ಇತ್ತು. ಅಷ್ಟು ದುಡ್ಡು ಕೈಯಿಂದ ಇಡಬೇಕಿಲ್ಲ. ಷೂರಿಟಿ ಕಂಪನಿ ನಿಮ್ಮ ಪರವಾಗಿ ಜಾಮೀನು ನಿಲ್ಲುತ್ತದೆ, ನೀವು ಅದಕ್ಕೆ ಪ್ರೀಮಿಯಂ ಕಟ್ಟುತ್ತೀರಿ. ಕ್ರೆಡಿಟ್ ಸ್ಕೋರ್ ಚೆನ್ನಾಗಿದ್ದರೆ ವರ್ಷಕ್ಕೆ ಕೆಲವು ನೂರು ಡಾಲರ್, ಕೆಟ್ಟಿದ್ದರೆ ಅದರ ಎಷ್ಟೋ ಪಟ್ಟು. ಹೊಸದಾಗಿ ಬಂದವರಿಗೆ ಕ್ರೆಡಿಟ್ ಇತಿಹಾಸವೇ ಇರದ ಕಾರಣ ಇಲ್ಲಿ ಬಿಗಿಯುತ್ತದೆ. ಕೆಲಸ ಕೆಡಿಸಿದಿರಿ, ಆಳಿಗೆ ಸಂಬಳ ಕೊಡಲಿಲ್ಲ ಎಂದು ದೂರು ಸಾಬೀತಾದರೆ ಕಂಪನಿ ಹಣ ಕೊಡುತ್ತದೆ, ಕೊಟ್ಟ ಮೇಲೆ ಪೂರ್ತಿ ನಿಮ್ಮಿಂದಲೇ ವಸೂಲಿ ಮಾಡುತ್ತದೆ. ಊರಲ್ಲಿ ಸೊಸೈಟಿ ಸಾಲಕ್ಕೆ ಷೂರಿಟಿ ಹಾಕಿದವರು ಸಾಲಗಾರನ ಬೆನ್ನು ಬೀಳುವ ಹಾಗೆಯೇ. ಮನೆಯೊಡೆಯರೂ ತಿಳಿದಿರಬೇಕಾದ್ದು: 25,000 ಎಂಬುದು ಪ್ರತಿ ಮನೆಗಲ್ಲ, ದೂರು ಕೊಟ್ಟವರೆಲ್ಲ ಹಂಚಿಕೊಳ್ಳಬೇಕಾದ ಒಟ್ಟು ಮೊತ್ತ.

ಬಾಂಡ್ ತಿರಸ್ಕಾರವಾಗುವುದು ಬಹುಪಾಲು ಹೆಸರಿನ ವ್ಯತ್ಯಾಸದಿಂದ. ಬಾಂಡಿನ ಮೇಲಿನ ವ್ಯವಹಾರದ ಹೆಸರು ಬೋರ್ಡಿನ ದಾಖಲೆಯಲ್ಲಿರುವಂತೆ ಅಕ್ಷರಶಃ ಇರಬೇಕು. ಅಪ್ಪನ ಹೆಸರು, ಇನಿಷಿಯಲ್ಲು, ಸರ್‌ನೇಮು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುವ ನಮ್ಮವರು ಇದನ್ನು ಮೊದಲೇ ಸರಿಮಾಡಿಕೊಳ್ಳುವುದು ಒಳ್ಳೆಯದು. ಬಾಂಡು ಜಾರಿಗೆ ಬಂದ ದಿನದಿಂದ 90 ದಿನದೊಳಗೆ ಬೋರ್ಡಿಗೆ ತಲುಪಬೇಕು. ಪ್ರೀಮಿಯಂ ತಪ್ಪಿ ಅದು ರದ್ದಾದರೆ ಲೈಸೆನ್ಸ್ ಅಮಾನತಾಗುತ್ತದೆ. ಆ ಅವಧಿಯಲ್ಲಿ ಮಾಡಿದ ಕೆಲಸಕ್ಕೂ ಲೈಸೆನ್ಸಿಲ್ಲದವರ ಪಾಡೇ. ಕಂಪನಿ ಮಾಡಿಕೊಂಡು, ಅದರಲ್ಲಿ ಪಾಲಿಲ್ಲದ ಬೇರೊಬ್ಬರ ಅನುಭವದ ಮೇಲೆ ಲೈಸೆನ್ಸ್ ಪಡೆದರೆ ಇನ್ನೊಂದು 25,000ದ ಬಾಂಡು. ಎಲ್‌ಎಲ್‌ಸಿ, ಅಂದರೆ ಮಾಲೀಕರ ಹೊಣೆ ಸೀಮಿತವಾದ ಕಂಪನಿಯಾದರೆ, ಕೆಲಸಗಾರರ ರಕ್ಷಣೆಗೆಂದು ಇವುಗಳ ಜೊತೆ 1,00,000ದ ಪ್ರತ್ಯೇಕ ಬಾಂಡು.

ಅಡ್ವಾನ್ಸ್ ವಿಷಯದಲ್ಲಿ ನಮ್ಮ ರೂಢಿ ಪೂರ್ತಿ ಬಿಡಬೇಕು. ಮನೆ ರಿಪೇರಿ ಕಂಟ್ರಾಕ್ಟಿಗೆ 1,000 ಡಾಲರ್ ಅಥವಾ ಒಟ್ಟು ಮೊತ್ತದ ಶೇ. 10, ಯಾವುದು ಕಡಿಮೆಯೋ ಅಷ್ಟೇ. 40,000ದ ಅಡುಗೆಮನೆಗೂ ಮುಂಗಡ ಸಾವಿರವೇ. ಕ್ಯಾಬಿನೆಟ್ ಆರ್ಡರಿಗೆ ಮೊದಲೇ ಅರ್ಧ ಕಟ್ಟಬೇಕು ಎಂಬ ನೆಪ ನಡೆಯದು. ಆ ಬಂಡವಾಳ ನಿಮ್ಮದೇ. ಮುಂದಿನ ಕಂತುಗಳೂ ಅಷ್ಟರವರೆಗೆ ಮುಗಿದ ಕೆಲಸ, ತಲುಪಿದ ಸಾಮಾನಿನ ಬೆಲೆಯನ್ನು ದಾಟಬಾರದು. ಮನೆಯಲ್ಲಿ ಕೂತು ಸಹಿ ಮಾಡಿಸಿದ ಕರಾರನ್ನು ಗಿರಾಕಿ ರಜೆ ಬಿಟ್ಟು ಮೂರು ಕೆಲಸದ ದಿನದಲ್ಲಿ ರದ್ದುಮಾಡಬಹುದು, 65 ತುಂಬಿದವರಿಗೆ ಅಂಥ ಐದು ದಿನ.

ಇದು ಕ್ಯಾಲಿಫೋರ್ನಿಯಾದ ಮಾತು. ಟೆಕ್ಸಾಸಿನಲ್ಲಿ ಜನರಲ್ ಕಂಟ್ರಾಕ್ಟರಿಗೆ ರಾಜ್ಯಮಟ್ಟದ ಲೈಸೆನ್ಸೇ ಇಲ್ಲ, ಪ್ಲಂಬಿಂಗ್, ಎಲೆಕ್ಟ್ರಿಕಲ್, ಎಸಿಯಂಥ ಕೆಲವು ಕಸುಬಿಗೆ ಮಾತ್ರ ಇದೆ.

ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರು ಅದರ ಬದಲು ತೆರಿಗೆ ಇಲಾಖೆ ಕೊಡುವ ಐಟಿಐಎನ್ ನಂಬರು ಕೊಟ್ಟೂ ಕ್ಯಾಲಿಫೋರ್ನಿಯಾದಲ್ಲಿ ಅರ್ಜಿ ಹಾಕಬಹುದು. ಹಾಗೆಂದು ಲೈಸೆನ್ಸು ವೀಸಾ ಅಲ್ಲ. ಎಚ್‌-1ಬಿಯಲ್ಲಿದ್ದು (ಕರೆಸಿಕೊಂಡ ಕಂಪನಿಯ ಕೆಲಸ ಮಾತ್ರ ಮಾಡಬಹುದಾದ ವೀಸಾ) ಶನಿವಾರ, ಭಾನುವಾರ ಟೈಲ್ಸ್ ಕೆಲಸ ಹಿಡಿದರೆ ಬೋರ್ಡು ಸುಮ್ಮನಿದ್ದರೂ ಇಮಿಗ್ರೇಷನ್ನಿನವರು ಸುಮ್ಮನಿರುವುದಿಲ್ಲ.