ಹೌದು, ನುಂಗ್ತಾರೆ. ಮುಂದಿನ ಪ್ರಶ್ನೆ?

ನಾನು ಪರಿಹಾರ ಸಂಸ್ಥೆಯೊಂದರ ಲೆಕ್ಕಪತ್ರ ನೋಡಿಕೊಳ್ಳುವವನು ಅಂತ ಗೊತ್ತಾದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ಯುದ್ಧದ ಜಾಗಕ್ಕೆ ಸರ್ಕಾರಗಳು ಕೋಟಿಗಟ್ಟಲೆ ಕೊಡ್ತಾವಲ್ಲ, ಅದು ಹಸಿದವರಿಗೆ ಸೇರುತ್ತಾ, ಇಲ್ಲ ಮಧ್ಯದವರು ನುಂಗ್ತಾರಾ?"

ನುಂಗ್ತಾರೆ. ಯೆಮೆನ್‌ನಲ್ಲಿ ನುಂಗಿದ್ದಾರೆ. ಅದೇ ಕಾರಣಕ್ಕೆ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ 2019ರ ಜೂನ್‌ನಲ್ಲಿ ಹೂತಿ ಬಂಡುಕೋರರ ಹಿಡಿತದ ರಾಜಧಾನಿ ಸನಾದಲ್ಲಿ ಹಂಚಿಕೆಯನ್ನು ಭಾಗಶಃ ನಿಲ್ಲಿಸಿತು. ನಮ್ಮ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸ್ತಾರಲ್ಲ, ಅಂಥದ್ದೊಂದು ವ್ಯವಸ್ಥೆಗೆ ಹೂತಿಗಳು ಒಪ್ಪಿದ ಮೇಲೇ ಆಗಸ್ಟ್‌ನಲ್ಲಿ ಮತ್ತೆ ಶುರುವಾಯಿತು. ಸಮಾಧಾನ ಆಯ್ತಾ?

ಆಗಲ್ಲ, ಗೊತ್ತು. ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯ ಮಾವನವರು ಬೇಡ ಬೇಡ ಅನ್ನುತ್ತಲೇ ಎರಡನೇ ಹೋಳಿಗೆ ಹಾಕಿಸಿಕೊಂಡು, ಅದರ ಮೇಲೆ ತುಪ್ಪಕ್ಕೂ ಕೈ ತೋರಿಸಿ, "ಅಲ್ಲಪ್ಪಾ, ಅಲ್ಲಿರೋರೆಲ್ಲ ಕಳ್ಳರಂತೆ?" ಅಂದರು. ನನಗೆ ಉರಿದುಹೋಯಿತು. ಯೆಮೆನ್‌ನ ಬಂದರು ಊರು ಹೊದೈದಾದ ರೆಡ್ ಸೀ ಮಿಲ್ಸ್ ಅನ್ನೋ ಹಿಟ್ಟಿನ ಗಿರಣಿಯ ಕಥೆ ಹೇಳಿದೆ. ಅಲ್ಲಿ 51,000 ಟನ್ ಗೋಧಿ ಇತ್ತು, 37 ಲಕ್ಷ ಜನಕ್ಕೆ ಒಂದು ತಿಂಗಳಿಗೆ ಸಾಕಾಗುವಷ್ಟು. ಸುತ್ತ ಕಾಳಗ. 2018ರ ಸೆಪ್ಟೆಂಬರ್‌ನಿಂದ ಮುಂದಿನ ಫೆಬ್ರವರಿವರೆಗೆ ಯಾರೂ ಒಳಗೆ ಹೋಗಲಾಗಲಿಲ್ಲ. ಬಾಗಿಲು ತೆಗೆದಾಗ ಗೋಧಿಗೆ ಹುಳ ಹಿಡಿದಿತ್ತು, ಔಷಧಿ ಹೊಗೆ ಹಾಕದೆ ಬೀಸುವ ಹಾಗಿರಲಿಲ್ಲ. ಕಳ್ಳರನ್ನೇ ಹುಡುಕುವವರು ಆ ಹುಳಗಳ ಮೇಲೆ ಕೇಸು ಹಾಕಲಿ.

ತಗೊಂಡವರ ಬಗ್ಗೆ ಇಷ್ಟು ಅನುಮಾನ ಪಡುವವರು ಕೊಟ್ಟವರ ಬಗ್ಗೆ ಯಾಕೆ ಕೇಳಲ್ಲ? 2018ರಲ್ಲಿ ಸೌದಿ ಮತ್ತು ಯುಎಇ ವಿಶ್ವಸಂಸ್ಥೆಯ ಯೆಮೆನ್ ಪರಿಹಾರಕ್ಕೆ 93 ಕೋಟಿ ಡಾಲರ್ ಕೊಟ್ಟವು. ದೊಡ್ಡ ಮೊತ್ತವೇ, ಇಲ್ಲ ಅನ್ನಲ್ಲ. ಆದರೆ 2015ರ ಆಗಸ್ಟ್‌ನಲ್ಲಿ ಹೊದೈದಾ ಬಂದರಿನ ಕ್ರೇನ್‌ಗಳ ಮೇಲೆ ಬಾಂಬ್ ಹಾಕಿದ್ದೂ ಹೂತಿಗಳ ವಿರುದ್ಧ ಯುದ್ಧಕ್ಕಿಳಿದಿದ್ದ ಇದೇ ಸೌದಿ ನೇತೃತ್ವದ ಕೂಟ, ಯುಎಇಯೂ ಅದರಲ್ಲಿತ್ತು. ಕ್ರೇನ್ ಇಲ್ಲದೆ ಹಡಗಿನಿಂದ ಧಾನ್ಯ ಇಳಿಸೋದು ಹೇಗೆ? ಅಮೆರಿಕ ದುಡ್ಡು ಕೊಟ್ಟು ನಾಲ್ಕು ಮೊಬೈಲ್ ಕ್ರೇನ್ ಕೊಡಿಸಿತು. 2017ರ ಜನವರಿಯಲ್ಲಿ ಅವು ಹಡಗೇರಿ ಬಂದರೆ ಕೂಟ ವಾಪಸ್ ಕಳಿಸಿತು, ಇಳಿಸಲು ಇನ್ನೊಂದು ವರ್ಷ ಬೇಕಾಯಿತು. ಆ ವರ್ಷವೆಲ್ಲ ಕ್ರೇನ್ ಕೊಟ್ಟ ಅಮೆರಿಕವೇ ಕೂಟದ ವಿಮಾನಗಳಿಗೆ ಆಕಾಶದಲ್ಲಿ ಇಂಧನ ತುಂಬಿಸುತ್ತಿತ್ತು, 2018ರ ನವೆಂಬರ್‌ನಲ್ಲಷ್ಟೇ ನಿಲ್ಲಿಸಿದ್ದು.

ಇನ್ನೊಂದು ವಿಷಯ. ಸುದ್ದಿಯಲ್ಲಿ ಬರೋದು ಘೋಷಿಸಿದ ಮೊತ್ತ, ಖಾತೆಗೆ ಬಂದ ಮೊತ್ತ ಅಲ್ಲ. 2019ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ದೇಶಗಳೆಲ್ಲ ಸೇರಿ ಯೆಮೆನ್‌ಗೆ ಘೋಷಿಸಿದ್ದು 260 ಕೋಟಿ ಡಾಲರ್. ಆಗಸ್ಟ್ ಬಂದರೂ ಅರ್ಧವೂ ಕೈಸೇರಿರಲಿಲ್ಲ. ಬರದೇ ಇರುವ ದುಡ್ಡನ್ನು ಮಧ್ಯದವರು ಹೇಗೆ ನುಂಗ್ತಾರೆ, ಮಾವ?