ಹುಣಸೆಮರಕ್ಕೆ ಎರಡು ರಿಂಗು

ನಮ್ಮ ಗರಡಿಯಲ್ಲಿ ಇನ್ನೂರು ದಂಡ, ಮುನ್ನೂರು ಬಸ್ಕಿ ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಹುಡುಗರಿಗೆ ಬಾರ್‌ಗೆ ಜೋತು ಬಿದ್ದು ಗದ್ದ ಮೇಲೆ ಬರುವಂತೆ ಮೈ ಎತ್ತುವ ಪುಲ್‌ಅಪ್ ಎಂಟು ಹೊಡಿ ಅನ್ನಿ, ಐದಕ್ಕೇ ಕಾಲು ಒದರಲು ಶುರು ಮಾಡುತ್ತಾರೆ. ನಾನೂ ಅದೇ ಗುಂಪಿನವನೇ. ದಂಡ ಅಂದರೆ ತಳ್ಳುವ ಕೆಲಸ. ಆದರೆ ಕುಸ್ತಿಗೆ ಇಳಿದ ಮೇಲೆ ನಾವು ಮಾಡುವುದು ಬಹುಪಾಲು ಎಳೆಯುವುದನ್ನೇ ಅಲ್ವಾ? ಕುತ್ತಿಗೆಗೆ ಕೈ ಹಾಕಿ ಬಗ್ಗಿಸಬೇಕು, ತೋಳು ಹಿಡಿದು ಜಗ್ಗಬೇಕು, ಸೊಂಟ ತಬ್ಬಿದರೆ ಅವನು ಎಷ್ಟು ಒದ್ದಾಡಿದರೂ ಬಿಡಬಾರದು. ಹಿಂದಿನವರಿಗೆ ಈ ಜಗ್ಗುವ ಶಕ್ತಿ ಹಗ್ಗ ಹತ್ತಿ, ಗುದ್ದಲಿಯಿಂದ ಅಖಾಡದ ಮಣ್ಣು ಅಗೆದು ಬರುತ್ತಿತ್ತು. ಲಕ್ಷ್ಮೇಶ್ವರದ ಕಡೆ ಮಲ್ಲಕಂಬ ಆಡುವ ಹುಡುಗರ ಬೆನ್ನು ನೋಡಿ, ಗೊತ್ತಾಗುತ್ತದೆ. ನಾವು ದಂಡ ಉಳಿಸಿಕೊಂಡು ಹಗ್ಗ ಬಿಟ್ಟೆವು.

ಅದಕ್ಕೇ ಕಟ್ಟಿಗೆಯ ಒಂದು ಜೋಡಿ ರಿಂಗ್ ತರಿಸಿದೆ. ದಪ್ಪ 28 ಮಿಲಿಮೀಟರ್, ಒಳಗಿನ ಅಗಲ 18 ಸೆಂಟಿಮೀಟರ್, ಜಿಮ್ನಾಸ್ಟಿಕ್ಸ್ ಸ್ಪರ್ಧೆಯಲ್ಲಿ ಇರುವಷ್ಟೇ. ಅಲ್ಲಿ ಅವನ್ನು ನೆಲದಿಂದ 2.80 ಮೀಟರ್ ಎತ್ತರಕ್ಕೆ ತೂಗುಹಾಕುತ್ತಾರೆ. ನಾನು ಪಟ್ಟಿಯಿಂದ ಕಟ್ಟಿದ್ದು ಗರಡಿ ಹಿಂದಿನ ಹುಣಸೆಮರಕ್ಕೆ, ಮೊದಲು ಹೊಟ್ಟೆಯ ಮಟ್ಟಕ್ಕೆ; ಪುಲ್‌ಅಪ್‌ಗೆ ಪಟ್ಟಿ ಗಿಡ್ಡ ಮಾಡಿ ಮೇಲೇರಿಸುತ್ತೇನೆ. ನಮ್ಮ ಗರಡಿಯ ಗುರು ವಸ್ತಾದರು ನೋಡಿ, 'ಏನೋ ತಮ್ಮಾ, ತೊಟ್ಟಲಾ ಕಟ್ಟೀಯೇನು?' ಅಂದರು.

ಮೊದಲ ದಿನವೇ ಬಿದ್ದೆ. ಪಟ್ಟಿಯನ್ನು ಬಕಲ್‌ಗೆ ಉಲ್ಟಾ ತೂರಿಸಿದ್ದೆ. ಸುಮ್ನೆ ಕೈಯಿಂದ ಜಗ್ಗಿದಾಗ ಗಟ್ಟಿ ಅನ್ನಿಸಿತ್ತು. ಪೂರ್ತಿ ಭಾರ ಬಿದ್ದ ಕೂಡಲೇ ಬಲಗಡೆಯದು ಸರ್ರನೆ ಜಾರಿತು, ನಾನು ಬೆನ್ನಡಿಯಾಗಿ ಮಣ್ಣಿಗೆ. ಕುಸ್ತಿಯಲ್ಲಾದರೆ ಚಿತ್! ಧಾರವಾಡದ ಮಳೆಗಾಲ ಬೇರೆ, ನೆನೆದ ಪಟ್ಟಿಯನ್ನು ನಾನಂತೂ ನಂಬುವುದಿಲ್ಲ. ಈಗ ಜೋತು ಬೀಳುವ ಮೊದಲು ಕಾಲು ನೆಲದ ಮೇಲಿಟ್ಟುಕೊಂಡೇ ಒಮ್ಮೆ ಭಾರ ಹಾಕಿ ನೋಡುತ್ತೇನೆ.

ಎರಡನೇ ತಪ್ಪು ಇನ್ನೂ ದುಬಾರಿ. ವಿಡಿಯೋ ನೋಡಿ ನೋಡಿ ಮಸಲ್‌ಅಪ್ ಹುಚ್ಚು ಹತ್ತಿತು, ಅಂದರೆ ಜೋತು ಬಿದ್ದಲ್ಲಿಂದ ಎಳೆದುಕೊಂಡು ಎದೆಯನ್ನೇ ರಿಂಗಿನ ಮೇಲಕ್ಕೆ ತಂದು ಕೈ ನೆಟ್ಟಗೆ ಮಾಡುವುದು. ಮಣಿಕಟ್ಟನ್ನೇ ರಿಂಗಿನ ಮೇಲೆ ಕೂರಿಸಿ ಹಿಡಿಯುವ ಫಾಲ್ಸ್ ಗ್ರಿಪ್‌ನಲ್ಲಿ ದಿನಾ ಬೆಳಿಗ್ಗೆ ಕಿತ್ತಾಡಿದೆ. ಒಂದು ತಿಂಗಳಿಗೆ ಮೊಣಕೈ ಒಳಬದಿ ಎಷ್ಟು ನೋಯತೊಡಗಿತು ಅಂದರೆ, ಸ್ನಾನ ಮಾಡಿ ಟವೆಲ್ ಹಿಂಡಲು ಆಗುತ್ತಿರಲಿಲ್ಲ. ಸ್ನಾಯು ಬೇಗ ಗಟ್ಟಿಯಾಗುತ್ತದೆ, ಅದನ್ನು ಮೂಳೆಗೆ ಕಟ್ಟುವ ನರ ಅಷ್ಟು ಬೇಗ ಆಗುವುದಿಲ್ಲ (ನಾವು ನರ ಅಂತೀವಿ, ಡಾಕ್ಟರು ಟೆಂಡನ್ ಅಂತಾರೆ). ಮಸಲ್‌ಅಪ್ ಬಂದರೆ ಚೆಂದ, ಆದರೆ ಕುಸ್ತಿ ಹಿಡಿಯುವವನಿಗೆ ಅದೇನೂ ಬೇಕೇ ಬೇಕು ಅಂತಿಲ್ಲ.

ಬೇಕಾಗಿದ್ದು ರೋ. ರಿಂಗ್ ಹಿಡಿದು ಹಿಂದಕ್ಕೆ ವಾಲಿ, ಮೈ ಹಲಗೆಯಂತೆ ನೆಟ್ಟಗಿಟ್ಟು, ಎದೆಯನ್ನು ರಿಂಗಿಗೆ ತರುವುದು. ಹಗುರಾದರೆ ಕಾಲು ಇನ್ನೂ ಮುಂದಕ್ಕಿಡಿ, ಅದೂ ಸಾಲದಿದ್ದರೆ ಕಾಲನ್ನು ಕಟ್ಟೆಯ ಮೇಲಿಡಿ. ಮುಖ್ಯ ವಿಷಯ ಮೇಲೆ ಬಂದ ಮೇಲಿದೆ. ರಿಂಗನ್ನು ಪಕ್ಕೆಲುಬಿಗೆ ಒತ್ತಿ, ಮೊಣಕೈ ಮೈಗೆ ಅಂಟಿಸಿ, ಹತ್ತು ಎಣಿಸುವ ತನಕ ಅಲ್ಲೇ ನಿಲ್ಲಬೇಕು. ಏಳಕ್ಕೆ ತೋಳು ನಡುಗುತ್ತದೆ, ರಿಂಗು ಹೊರಗೆ ಓಡಲು ನೋಡುತ್ತದೆ. ಎದುರಾಳಿ ತೋಳು ಬಿಡಿಸಿಕೊಳ್ಳಲು ನೋಡುವುದೂ ಹೀಗೇ ಅಲ್ವಾ? ಕಬ್ಬಿಣದ ಬಾರ್ ಹೀಗೆ ಕಾಡುವುದಿಲ್ಲ. ಬಾರ್‌ನಲ್ಲಿ ಕೈ ಒಂದೇ ಕಡೆ ಕೂತುಬಿಡುತ್ತದೆ. ರಿಂಗ್ ತಿರುಗುತ್ತದೆ, ಕೆಳಗಿದ್ದಾಗ ಅಂಗೈ ಮುಂದಕ್ಕೆ, ಮೇಲೆ ಬರುವಾಗ ತಾನಾಗೇ ಒಳಕ್ಕೆ. ನನ್ನ ಮೊಣಕೈ ಸುಧಾರಿಸಿದ ಮೇಲೆ ಪುಲ್‌ಅಪ್ ಹೊಡೆಯಲು ಒಪ್ಪಿದ್ದೂ ರಿಂಗಿನಲ್ಲೇ.

ವಾರಕ್ಕೆ ಎರಡು ದಿನ ಸಾಕು, ಜೋಡಿ ಕಟ್ಟಿ ಕುಸ್ತಿ ಹಿಡಿಯುವ ದಿನ ಬೇಡ. ಎಂಟೆಂಟರಂತೆ ಐದು ಸುತ್ತು ರೋ, ಮೂರ್ನಾಲ್ಕು ಸುತ್ತು ಪುಲ್‌ಅಪ್, ಕೊನೆಗೆ ರಿಂಗಿಗೆ ಟವೆಲ್ ಹಾಕಿ ಅದರ ಎರಡೂ ತುದಿ ಹಿಡಿದು ಜೋತು ಬೀಳುವುದು. ಜೂಡೋದವರು ಇದನ್ನು ತಪ್ಪಿಸಬೇಡಿ, ಜಾಕೆಟ್ ಹಿಡಿದ ಬೆರಳು ಸೋತರೆ ಆಟವೇ ಮುಗಿಯಿತು. ನನ್ನ ಬಾಕ್ಸಿಂಗ್ ಗೆಳೆಯನಿಗೆ ಹೇಳಿದ್ದು ಬೇರೆ: ರಿಂಗನ್ನು ಮುಖದ ಕಡೆ ಎಳೆದು ಮೊಣಕೈ ಅಗಲ ಮಾಡು ಅಂತ. ದಿನವಿಡೀ ಗುದ್ದಿ ಗುದ್ದಿ ಅವನ ಭುಜ ಮುಂದಕ್ಕೆ ಬಾಗಿಬಿಟ್ಟಿದೆ. ಕೈ ಜಾರಿದರೆ ಜಿಮ್ನಾಸ್ಟಿಕ್ಸ್‌ನವರು ಚಾಕ್ ಹಚ್ಚುತ್ತಾರೆ, ನಾವು ಒಂದು ಚಿಟಿಕೆ ಅಖಾಡದ ಮಣ್ಣು.

ಹೋದ ವಾರ ನಾನು ನೀರು ಕುಡಿದು ಬರುವಷ್ಟರಲ್ಲಿ ವಸ್ತಾದರು ಒಬ್ಬರೇ ರಿಂಗಿಗೆ ಜೋತು ಬಿದ್ದಿದ್ದರು. ವಯಸ್ಸು ಅರವತ್ತು ದಾಟಿದೆ. ಮಾತಿಲ್ಲ, ಕಣ್ಣು ಮುಚ್ಚಿದ್ದಾರೆ. ನಾನು ಮನಸ್ಸಿನಲ್ಲೇ ಎಣಿಸಿದೆ, ನಲವತ್ತಾದರೂ ಬಿಡಲಿಲ್ಲ. ಆಮೇಲೆ ಇಳಿದು ಅಂಗೈ ಉಜ್ಜಿಕೊಂಡು, 'ಕೈಗೆ ಚಲೋ ಕೂಡತೈತಿ. ಬಾಜೂಕ ಒಂದು ಹಗ್ಗಾನೂ ಕಟ್ಟು' ಅಂದರು.

ಹುಬ್ಬಳ್ಳಿಯಲ್ಲಿ ದಪ್ಪ ಹಗ್ಗ ಚಲೋದು ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ಹೇಳಿ.