ಎರಡು ಪಿಯಾನೊ, ಒಂದು ಆರ್ಕೆಸ್ಟ್ರಾ: ಮುಂಬೈಗೆ ಕೇಳಲು ಹೋಗುವವರಿಗೆ

ಇಬ್ಬರು ಪಿಯಾನೊ ವಾದಕರು ಪೂರ್ತಿ ಆರ್ಕೆಸ್ಟ್ರಾ ಜೊತೆ ನುಡಿಸುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಛೇರಿಗೆ ಟಿಕೆಟ್ ತೆಗೆಯುವುದಾದರೆ ಮುಂದಿನ ದುಬಾರಿ ಸಾಲು ಬೇಡ. ಬಾಲ್ಕನಿಯ ನಡುಭಾಗ ಹಿಡಿಯಿರಿ. ಹುಬ್ಬಳ್ಳಿಯಿಂದ ಮುಂಬೈನ ಕಲಾಕೇಂದ್ರ ಎನ್‌ಸಿಪಿಎಗೆ (ನ್ಯಾಷನಲ್ ಸೆಂಟರ್ ಫಾರ್ ದಿ ಪರ್ಫಾರ್ಮಿಂಗ್ ಆರ್ಟ್ಸ್) ಹೋಗಿಬಂದ ಮೇಲೆ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಎರಡು ಗ್ರ್ಯಾಂಡ್ ಪಿಯಾನೊಗಳನ್ನು ಬಾಗಿದ ಬದಿಗಳು ಒಂದಕ್ಕೊಂದು ಕೂಡುವ ಹಾಗೆ ಇಡುತ್ತಾರೆ. ಒಂದೊಂದೂ ಸುಮಾರು 9 ಅಡಿ ಉದ್ದ. ಮುಂದಿನದರ ಮುಚ್ಚಳ ತೆಗೆದುಬಿಟ್ಟು, ಹಿಂದಿನದರ ಮುಚ್ಚಳ ಮಾತ್ರ ಎತ್ತಿ ನಿಲ್ಲಿಸುತ್ತಾರೆ. ಎರಡರ ನಾದವೂ ಅದಕ್ಕೆ ತಾಗಿ ನಮ್ಮ ಕಡೆ ಬರುತ್ತದೆ. ವಾದಕರು ಎದುರುಬದುರು ಕೂರುತ್ತಾರೆ. ಕೆಳಗೆ ಎಡಕ್ಕೆ ಕೂತರೆ ಒಬ್ಬರ ಬೆರಳು ಕಾಣುತ್ತದೆ, ಬಲಕ್ಕೆ ಕೂತರೆ ಇನ್ನೊಬ್ಬರದು. ಮೇಲಿನಿಂದ ನಾಲ್ಕೂ ಕೈ ಕಾಣುತ್ತವೆ. ಹಿಂದಿನ ವಾದ್ಯದವರೂ ಮರೆಯಾಗುವುದಿಲ್ಲ.

ನಾವು ಕೇಳಿದ್ದು ಮೊಜಾರ್ಟ್ 1779ರ ಸುಮಾರಿಗೆ ಬರೆದ ಎರಡು ಪಿಯಾನೊಗಳ ಕನ್ಚರ್ಟೊ, ಅಂದರೆ ಮುಖ್ಯ ವಾದಕರು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ. ತಾನೂ ಅಕ್ಕ ನಾನ್ನೆರ್ಲ್ ಕೂಡ ನುಡಿಸಲೆಂದು ಬರೆದದ್ದು ಅನ್ನುತ್ತಾರೆ. ಇಬ್ಬರಿಗೂ ಸಮನಾದ ಪಾಲು. ಒಬ್ಬರು ಒಂದು ಸಾಲು ನುಡಿಸಿದರೆ ಇನ್ನೊಬ್ಬರು ಅದನ್ನೇ ಎತ್ತಿಕೊಂಡು ಸ್ವಲ್ಪ ತಿರುಗಿಸಿ ವಾಪಸ್ ಕೊಡುತ್ತಾರೆ. ನಮ್ಮ ಜುಗಲ್‌ಬಂದಿ ಕೇಳಿದ ಕಿವಿಗೆ ಇದು ಬೇಗ ಹತ್ತಿರವಾಗುತ್ತದೆ. ಆದರೆ ಇಲ್ಲಿ ಪ್ರತಿ ಸ್ವರವೂ ಬರೆದಿಟ್ಟದ್ದು. ಆರ್ಕೆಸ್ಟ್ರಾ ಸುಮ್ಮನಾಗಿ ಇಬ್ಬರೇ ನುಡಿಸುವ ಕೆಡೆಂಜಾವನ್ನೂ ಮೊಜಾರ್ಟೇ ಬರೆದಿದ್ದಾನೆ. ಅದು ಬಂದಾಗ ಕೈಗಳನ್ನು ಬಿಟ್ಟು ಮುಖ ನೋಡಿ. ಒಬ್ಬರು ಉಸಿರೆಳೆದುಕೊಳ್ಳುವುದನ್ನು ಇನ್ನೊಬ್ಬರು ಕಾಯುತ್ತಿರುತ್ತಾರೆ. ನನಗೆ ಇಡೀ ಸಂಜೆಯಲ್ಲಿ ಅತಿ ಇಷ್ಟವಾದದ್ದು ಅದು. ಹೋಗುವ ಮೊದಲು ಮನೆಯಲ್ಲಿ ಒಂದೆರಡು ಸಲ ಕೇಳಿಕೊಂಡು ಹೋಗಿ, ನಿಜಕ್ಕೂ ಜಾಸ್ತಿ ಸಿಗುತ್ತದೆ. ಕಾರ್ಯಕ್ರಮದ ಪಟ್ಟಿಯಲ್ಲಿ ಫ್ರೆಂಚ್ ಸಂಯೋಜಕ ಪುಲಾಂಕ್‌ ಎರಡು ಪಿಯಾನೊಗಳಿಗೆ ಬರೆದ 1932ರ ಕನ್ಚರ್ಟೊ ಇದ್ದರೆ ಬಿಡಲೇಬೇಡಿ. ಮೊದಲ ಭಾಗದ ಕೊನೆಯಲ್ಲಿ ಬಾಲಿ ದ್ವೀಪದ ಗ್ಯಾಮೆಲಾನ್ ವಾದ್ಯಗಳ ನೆನಪಾಗುತ್ತದೆ.

ಚಪ್ಪಾಳೆ ವಿಷಯ ಗೊತ್ತಿರಲಿ. ಕೃತಿಗೆ ಮೂರು ಭಾಗ ಇದ್ದರೆ ನಡುವೆ ತಟ್ಟುವುದಿಲ್ಲ. ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಕೈ ಇಳಿಸಿ ನಮ್ಮ ಕಡೆ ತಿರುಗಿದ ಮೇಲೆ ಮನಸಾರೆ ತಟ್ಟಿ. ತಡವಾಗಿ ಬಂದವರು ಹೊರಗೆ ಕಾಯಬೇಕಾಗುತ್ತದೆ. ಅರ್ಧ ಗಂಟೆ ಮುಂಚೆ ಹೋದರೆ ಎನ್‌ಸಿಪಿಎಯಲ್ಲಿ ಈ ಕಛೇರಿ ನಡೆಯುವ ಜಮ್‌ಶೆಡ್ ಭಾಭಾ ಥಿಯೇಟರ್‌ನ ಅಮೃತಶಿಲೆಯ ಮೆಟ್ಟಿಲನ್ನೂ ನೋಡಬಹುದು. ಇನ್ನೇನು ತೆರೆಯಬೇಕು ಅನ್ನುವಾಗ ಬೆಂಕಿಗೆ ಸಿಕ್ಕ ಸಭಾಂಗಣವನ್ನು ಮತ್ತೆ ಕಟ್ಟಿ 1999ರಲ್ಲಿ ತೆರೆದರು. ಎನ್‌ಸಿಪಿಎ ಸ್ಥಾಪಕ ಜಮ್‌ಶೆಡ್ ಅವರು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಕೆಲಸ ಮಾಡಿದ್ದ ಅಣುವಿಜ್ಞಾನಿ ಹೋಮಿ ಭಾಭಾ ಅವರ ತಮ್ಮ.

ಇಲ್ಲಿ ನುಡಿಸುವ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಶುರುವಾದದ್ದು 2006ರಲ್ಲಿ. ಸೀಸನ್‌ಗೆ ವಿದೇಶದ ವಾದಕರೂ ಬಂದು ಸೇರುತ್ತಾರೆ. ಅದಕ್ಕೇ ದೊಡ್ಡ ಕಛೇರಿಗಳೆಲ್ಲ ಸಾಮಾನ್ಯವಾಗಿ ಫೆಬ್ರವರಿ ಮತ್ತು ಸೆಪ್ಟೆಂಬರ್ ಆಸುಪಾಸಿನ ಕೆಲವೇ ವಾರಗಳಲ್ಲಿ ಬರುತ್ತವೆ. ಆಯ್ಕೆ ಇದ್ದರೆ ಫೆಬ್ರವರಿ. ಸೆಪ್ಟೆಂಬರ್‌ನಲ್ಲಿ ಮಳೆ, ಮೇಲೆ ಗಣಪತಿ ಹಬ್ಬದ ಜನಜಂಗುಳಿ.

ಉಳಿಯಲು ಮಾಟುಂಗಾ ಒಳ್ಳೆಯದು. ನಾವು ಚಿಕ್ಕಪ್ಪನ ಮನೆಯಲ್ಲಿದ್ದೆವು. ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಮಧ್ಯಾಹ್ನ ಬಾಳೆಲೆ ಊಟ ಮಾಡಿ, ಸ್ವಲ್ಪ ಮಲಗಿ ಎದ್ದು ಹೊರಟೆವು. ಮಾಟುಂಗಾ ರೋಡ್ ಸ್ಟೇಷನ್‌ನಿಂದ ಚರ್ಚ್‌ಗೇಟ್‌ಗೆ ಸ್ಲೋ ಲೋಕಲ್ ಹಿಡಿಯಿರಿ, ಫಾಸ್ಟ್ ಇಲ್ಲಿ ನಿಲ್ಲುವುದಿಲ್ಲ. ಸಂಜೆ ಆಫೀಸಿನವರೆಲ್ಲ ಆ ಕಡೆಯಿಂದ ಬರುವ ಹೊತ್ತು, ಹಾಗಾಗಿ ಹೋಗುವ ಗಾಡಿಯಲ್ಲಿ ಜಾಗ ಸಿಗುತ್ತದೆ. ಚರ್ಚ್‌ಗೇಟ್‌ನಿಂದ ಎನ್‌ಸಿಪಿಎ ಸುಮಾರು 2 ಕಿ.ಮೀ. ಬಿಸಿಲು ಇಳಿದಿದ್ದರೆ ಮರೀನ್ ಡ್ರೈವ್ ಮೇಲೆ ನಡೆದೇ ಹೋಗಿ, ಹಿರಿಯರಿದ್ದರೆ ಟ್ಯಾಕ್ಸಿ. ವಾಪಸ್ ಬರಲು ಭಯ ಬೇಡ, ಮಧ್ಯರಾತ್ರಿ ದಾಟಿದ ಮೇಲೂ ಲೋಕಲ್ ಇರುತ್ತದೆ.

ಹುಬ್ಬಳ್ಳಿ ಕಡೆಯವರಿಗೆ ದಾದರ್ ಎಕ್ಸ್‌ಪ್ರೆಸ್, ಮಂಗಳೂರಿನವರಿಗೆ ಮತ್ಸ್ಯಗಂಧ, ಬೆಂಗಳೂರು ಮತ್ತು ಕಲಬುರಗಿಯವರಿಗೆ ಉದ್ಯಾನ್. ಈಗ ರೈಲು ಬುಕಿಂಗ್ ತೆರೆಯುವುದು 60 ದಿನ ಮೊದಲು. ಕಾರ್ಯಕ್ರಮದ ಪಟ್ಟಿ ಬಂದ ಕೂಡಲೇ ಬಾಲ್ಕನಿ ಟಿಕೆಟ್ ತೆಗೆದು, ಅದೇ ದಿನ ರೈಲಿನದೂ ಮುಗಿಸಿಬಿಡಿ.